ನೀಮಾಳ ವಿಳಾಸ

ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಕೂತಿರುವ ಹುಡುಗಿ ಹೋದ ವಾರ ಫೋನ್ ಮಾಡಿದ್ದಳು. ವಿದೇಶಿ ವಿದ್ಯಾರ್ಥಿಗಳ ಟೇಬಲ್ಲು ತನಗೆ ಕೊಟ್ಟಿದ್ದಾರೆ, ಏನೇನು ನೋಡಿಕೊಳ್ಳಬೇಕು ಅನ್ನುವುದರ ಒಂದು ಪಟ್ಟಿ ಬರೆದು ಕಳಿಸಿ ಅಂದಳು. ಆಯ್ತವ್ವ ಅಂತ ಬರೆಯಲು ಕೂತೆ. ಪಾಸ್‌ಪೋರ್ಟು, ವೀಸಾ, ನೋಂದಣಿ, ಹಾಜರಿ, ವಿಳಾಸ. ಐದು ಮಾತು ಬರೆಯುವಷ್ಟರಲ್ಲಿ ಪಟ್ಟಿ ಮುಗಿದೇ ಹೋಯಿತು. ಇಪ್ಪತ್ತೆಂಟು ವರ್ಷ ನಾನು ಮಾಡಿದ್ದು ಇಷ್ಟೇ ಏನು ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಕೊನೆಯ ಮಾತು ಅದೆಯಲ್ಲ, ವಿಳಾಸ, ಅದರಲ್ಲಿ ತಪ್ಪಿ ನಾನು ಒಬ್ಬ ಹುಡುಗಿಯ ಮೂರು ವರ್ಷದ ಓದನ್ನು ಮಣ್ಣುಪಾಲು ಮಾಡುವುದರಲ್ಲಿದ್ದೆ. ಅದನ್ನು ಹೇಳದೆ ಬರೀ ಪಟ್ಟಿ ಕಳಿಸಿದರೆ ಮೋಸ ಮಾಡಿದ ಹಾಗಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಹೊಸದಾಗಿ ಆ ಕುರ್ಚಿಗೆ ಬಂದವಳೇ, ಪುರಸೊತ್ತು ಮಾಡಿಕೊಂಡು ಓದವ್ವ.

ನನ್ನ ಹೆಸರು ದಸ್ತಗೀರ್, ಊರು ಆಳಂದ. ಕಲಬುರಗಿಯ ಹೊರಗಿನ ಒಂದು ಕಾಲೇಜಿನಲ್ಲಿ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ಹೊರಬಿದ್ದೆ. ನಡುವೆ ಒಂದೆರಡು ಸಲ ಹುದ್ದೆಯ ಹೆಸರು ಬದಲಾಯಿತು, ಕುರ್ಚಿ ಅದೇ ಇತ್ತು. ಮುಂಜಾನೆ ಆಳಂದದಿಂದ ಬಸ್ಸು ಹತ್ತುವುದು, ಸಂಜೆ ಬಸ್ಸಿನಲ್ಲೇ ವಾಪಸ್ಸು. ಕಾಲೇಜಿನ ಹೆಸರು ಇಲ್ಲಿ ಬೇಡ. ಒಕ್ಕಲುತನ, ಔಷಧಿ, ಇಂಜಿನಿಯರಿಂಗು ಎಲ್ಲಾ ಒಂದೇ ಕಾಂಪೌಂಡಿನೊಳಗೆ ಕಲಿಸುವ ಜಾಗ ಅಂತ ತಿಳಿದುಕೊಂಡರೆ ಸಾಕು.

ಆ ಟೇಬಲ್ಲು ನನಗೆ ಬಂದದ್ದೇ ಒಂದು ತಮಾಷೆ. ಯೆಮನ್ ದೇಶದಿಂದ ನಾಲ್ಕು ಜನ ಓದಲಿಕ್ಕೆ ಬಂದಿದ್ದರು. ನಮ್ಮ ಸೂಪರಿಂಟೆಂಡೆಂಟ್ ಬಸಲಿಂಗಪ್ಪನವರು ನನ್ನನ್ನು ಕರೆದು, ನಿನಗ ಉರ್ದು ಬರ್ತದಲ್ಲ, ಇವರನ್ನ ನೀನೇ ನೋಡ್ಕೊ ಅಂದರು. ಅವರದು ಅರಬಿ, ನಮ್ಮದು ಆಳಂದದ ಬಜಾರಿನ ಉರ್ದು, ಎರಡಕ್ಕೂ ಸಂಬಂಧವಿಲ್ಲ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಮಂದಿಯೆದುರಿಗೆ ನನಗೇನೋ ಬರುತ್ತದೆ ಅಂತ ಸಾಹೇಬರು ಅಂದಾಗ ಇಲ್ಲ ಅನ್ನಲು ಮನಸ್ಸಾಗಲಿಲ್ಲ, ನೋಡು. ಮೊದಲನೆಯವನನ್ನು ಕೂಡಿಸಿಕೊಂಡು ಗತ್ತಿನಿಂದ ಉರ್ದುವಿನಲ್ಲಿ ಕ್ಷೇಮ ಸಮಾಚಾರ ಕೇಳಿದೆ. ಅವನು ಭಾಳ ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ, ತನಗೆ ಕನ್ನಡ ಬರುವುದಿಲ್ಲ ಅಂದ. ಬಸಲಿಂಗಪ್ಪನವರು ಹಿಂದೆಯೇ ನಿಂತಿದ್ದರು. ನಕ್ಕರು, ಆದರೆ ಟೇಬಲ್ಲು ವಾಪಸ್ ತಗೊಳ್ಳಲಿಲ್ಲ.

ಬಸಲಿಂಗಪ್ಪನವರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಹಣೆಗೆ ಮೂರು ಬೆರಳು ವಿಭೂತಿ, ಕಿಸೆಯಲ್ಲಿ ಎರಡು ಪೆನ್ನು, ಬಾಯಿ ಭಾಳ ಖಾರ. ಅವರ ಕೈಕೆಳಗೆ ಇದ್ದವರು ಯಾರೂ ತಾರೀಖಿನಲ್ಲಿ ತಪ್ಪುತ್ತಿರಲಿಲ್ಲ. ಯಾವುದೇ ಕಾಗದ ಟೇಬಲ್ಲಿಗೆ ಬಂದರೆ ಓದುವ ಮೊದಲೇ ಅದಕ್ಕೆ ಆವತ್ತಿನ ತಾರೀಖಿನ ಠಸ್ಸೆ ಹೊಡೆದು, ಆವಕ ವಹಿಯಲ್ಲಿ ನಂಬರು ಏರಿಸಿ, ಚಿಕ್ಕ ಸಹಿ ಹಾಕಬೇಕು. ಓದುವುದು ಅದಾದ ಮೇಲೆ. ಒಂದು ಸಲ ನಾನು ಮೊದಲು ಓದಲು ಹೋಗಿದ್ದಕ್ಕೆ ಎಲ್ಲರೆದುರು ಬೈದರು.

“ಓದಿದ್ರ ನಿನಗ ಆ ಕಾಗದ ಬೇಕೋ ಬ್ಯಾಡೋ ಅನ್ನೂ ವಿಚಾರ ಬರ್ತದ,” ಅಂದರು. “ಆ ವಿಚಾರ ಬರೂದ್ರೊಳಗ ಠಸ್ಸೆ ಬಿದ್ದಿರಬೇಕು.”

ಆಗ ನನಗೆ ಅದು ಮುದುಕರ ಚಟ ಅನ್ನಿಸಿತ್ತು. ಆದರೂ ಕೈಗೆ ರೂಢಿಯಾಯಿತು. ಅವರು ನಿವೃತ್ತರಾಗಿ, ತೀರಿಕೊಂಡು ಎಷ್ಟೋ ವರ್ಷವಾದರೂ ನನ್ನ ಕೈ ಮೊದಲು ಠಸ್ಸೆಯ ಕಡೆಗೇ ಹೋಗುತ್ತಿತ್ತು.

ಆಗಿನ ಕೆಲಸ ಕಾಲಿನ ಕೆಲಸವಾಗಿತ್ತು. ಒಂದೊಂದು ಫಾರ್ಮು ಮೂರು ಮೂರು ಪ್ರತಿ, ಜೊತೆಗೆ ನಾಲ್ಕು ಫೋಟೊ. ವಿದ್ಯಾರ್ಥಿಗಳನ್ನು ಆಟೊದಲ್ಲಿ ಕೂಡಿಸಿಕೊಂಡು ನಾನೇ ವಿದೇಶಿಯರ ನೋಂದಣಿ ಮಾಡುವ ಆಫೀಸಿಗೆ ಹೋಗುತ್ತಿದ್ದೆ. ದಾರಿಯಲ್ಲೇ ಅವರಿಗೆ ಪಾಠ. ಬಂದ ಮೇಲೆ ಗಡುವಿನೊಳಗೆ ಹೆಸರು ಹಚ್ಚಬೇಕು. ಕ್ಲಾಸು ತಪ್ಪಿಸಬಾರದು. ರೊಕ್ಕಕ್ಕೆ ದುಡಿಯಬಾರದು. ಕೇಳದೆ ಕಾಲೇಜು ಬದಲಿಸಬಾರದು. ಇರುವ ಜಾಗ ಬದಲಾದರೆ ಹದಿನಾಲ್ಕು ದಿನದೊಳಗೆ ತಿಳಿಸಬೇಕು. ಮೊದಲ ನಾಲ್ಕನ್ನು ಎಲ್ಲರೂ ಗಂಭೀರವಾಗಿ ಕೇಳುತ್ತಿದ್ದರು. ಐದನೆಯದಕ್ಕೆ ಬರುವಷ್ಟರಲ್ಲಿ ಆಟೊ ಆಫೀಸಿನ ಮುಂದೆ ನಿಂತಿರುತ್ತಿತ್ತು. ನಮ್ಮ ಕಡೆಯ ಮಕ್ಕಳು ಹೊರದೇಶಕ್ಕೆ ಓದಲು ಹೋದಾಗಲೂ ಅಲ್ಲಿ ನನ್ನಂಥವನೊಬ್ಬ ಇದನ್ನೇ ಹೇಳುತ್ತಿರುತ್ತಾನೆ, ಅವರೂ ಐದನೆಯದಕ್ಕೆ ಕಿಟಕಿಯಾಚೆ ನೋಡುತ್ತಿರುತ್ತಾರೆ ಅಂತ ನನಗೆ ಗ್ಯಾರಂಟಿ.

ಗಾಣಗಾಪುರದ ಪ್ರಕರಣ ಆ ಕಾಲದ್ದು. ಮಾರಿಷಸ್ ದೇಶದ ಒಬ್ಬ ವಿದ್ಯಾರ್ಥಿ ಇದ್ದ. ಅವನ ಹಿರಿಯರು ಕೊಂಕಣದಿಂದ ಹಡಗು ಹತ್ತಿ ಹೋದವರು. ಮನೆಯಲ್ಲಿ ಇನ್ನೂ ಮರಾಠಿ ಹಾಡು, ಮರಾಠಿ ಆರತಿ. ನಮ್ಮ ಕಾಲೇಜು ಅಫಜಲಪುರದ ಗಾಣಗಾಪುರಕ್ಕೆ ಹತ್ತಿರ ಅಂತ ತಿಳಿದು ಅವನ ಅಜ್ಜಿ, ಮೊಮ್ಮಗ ಅಲ್ಲಿ ಏಳು ದಿನ ಪಾರಾಯಣ ಮಾಡಲಿ ಅಂತ ಹರಕೆ ಹೊತ್ತಿದ್ದಳಂತೆ. ಅವನು ಬಂದು ರಜೆ ಕೇಳಿದ. ರಜೆ ಅರ್ಜಿಗೆ ಠಸ್ಸೆ ಹೊಡೆದೆ. ಉಳಿಯುವ ಮನೆಯ ಅರ್ಚಕರಿಂದ, ಹೊರದೇಶದವರನ್ನು ಇಟ್ಟುಕೊಂಡವರು ಕೊಡಬೇಕಾದ ಕಾಗದಕ್ಕೆ ಸಹಿ ಹಾಕಿಸಿ ಕಳಿಸಿಕೊಟ್ಟೆ. ಅರ್ಚಕರು, ದತ್ತಮಹಾರಾಜರ ಊರಿಗೆ ಬರುವವರ ಹೆಸರು ಎಷ್ಟಂತ ಬರೆಯೂದ್ರಿ ಅಂತ ನಕ್ಕಿದ್ದರು, ಆದರೂ ಸಹಿ ಮಾಡಿದ್ದರು.

ಐದನೆಯ ದಿನ ಕಾಲೇಜಿಗೆ ಫೋನು ಬಂತು. ನಿಮ್ಮ ವಿದೇಶಿ ವಿದ್ಯಾರ್ಥಿ ಜೋಳಿಗೆ ಹಾಕಿಕೊಂಡು ಮನೆಮನೆಗೆ ಭಿಕ್ಷೆ ಬೇಡುತ್ತಿದ್ದಾನೆ, ಓದುವ ವೀಸಾದ ಮೇಲೆ ಬಂದವನು ಹೀಗೆ ಗಳಿಕೆ ಮಾಡಬಹುದೇ ಅಂತ. ಆ ಕಡೆಗೆ ಹೊಸದಾಗಿ ವರ್ಗವಾಗಿ ಬಂದ ಪೊಲೀಸರೊಬ್ಬರು ಅವನನ್ನು ನಿಲ್ಲಿಸಿಕೊಂಡಿದ್ದರು. ನಾನು ಬಸ್ಸು ಹಿಡಿದು ಓಡಿದೆ. ಗಾಣಗಾಪುರ ಕಂಡವರಿಗೆ ಇದು ಗೊತ್ತು. ಅಲ್ಲಿ ಸೇವೆಗೆ ಬಂದವರು, ಕಾರಿನಲ್ಲಿ ಬಂದ ಸಾಹುಕಾರರೂ ಸಹ, ಮಧ್ಯಾಹ್ನ ಐದು ಮನೆಯ ಮುಂದೆ ನಿಂತು ಮಧುಕರಿ ಬೇಡಿ ಉಣ್ಣುತ್ತಾರೆ. ಸ್ವತಃ ದತ್ತಾತ್ರೇಯರು ಆ ಹೊತ್ತಿನಲ್ಲಿ ಯಾವ ರೂಪದಲ್ಲಾದರೂ ಭಿಕ್ಷೆಗೆ ಬರುತ್ತಾರೆ ಅಂತ ಅಲ್ಲಿನವರ ನಂಬಿಕೆ. ಇದನ್ನೆಲ್ಲ ಆ ಪೊಲೀಸರಿಗೆ ನಾನು, ಆಳಂದದ ದಸ್ತಗೀರ್, ನಿಂತು ತಿಳಿಸಿ ಹೇಳುತ್ತಿದ್ದರೆ ಅರ್ಚಕರು ಕಂಬಕ್ಕೆ ಒರಗಿ ನಗುತ್ತಿದ್ದರು. ಕೊನೆಗೆ ಪೊಲೀಸರು ಅವನನ್ನು ಬಿಟ್ಟದ್ದು ನನ್ನ ಪುರಾಣ ಕೇಳಿ ಅಲ್ಲ. ರಜೆಯ ಅರ್ಜಿ, ಉಳಿದ ಮನೆಯ ಕಾಗದ, ಎರಡರ ಮೇಲೂ ಅವನು ಹೊರಡುವ ಮೊದಲಿನ ತಾರೀಖು ಇತ್ತು. ಅದನ್ನು ನೋಡಿ, ಸರಿ ಹೋಗ್ರಿ ಅಂದರು. ಆ ಹುಡುಗ ಜೋಳಿಗೆಯಿಂದ ಒಂದು ತುಂಡು ರೊಟ್ಟಿ ಮುರಿದು ನನಗೂ ಕೊಟ್ಟ. ಹಸಿವಾಗಿತ್ತು, ತಿಂದೆ.

ಮುಂದೆ ಎಲ್ಲಾ ಕಂಪ್ಯೂಟರಿಗೆ ಬಂತು. ನನ್ನಂಥವನಿಗೆ ಅದು ಯಮಯಾತನೆ. ಫೋಟೊ ದೊಡ್ಡದಾದರೆ ತಗೊಳ್ಳುವುದಿಲ್ಲ, ಸಣ್ಣದಾದರೆ ಮುಖ ಕಾಣುವುದಿಲ್ಲ. ವಿದ್ಯಾರ್ಥಿಯ ಫೋನಿಗೆ ಒಂದು ನಂಬರು ಬರುತ್ತದೆ, ಅವನು ಕ್ಲಾಸಿನಲ್ಲಿ ಫೋನು ಬಂದ್ ಮಾಡಿಕೊಂಡು ಕೂತಿರುತ್ತಾನೆ, ಅವನನ್ನು ಹುಡುಕಿ ತರುವಷ್ಟರಲ್ಲಿ ಆ ನಂಬರು ಸತ್ತಿರುತ್ತದೆ. ಮೊದಲ ವರ್ಷ ಯಾರನ್ನೋ ಕೂಡಿಸಿಕೊಂಡು ಕಲಿತೆ. ಯಾವುದಕ್ಕೆ ಯಾವ ಕಾಗದ ಹಚ್ಚಬೇಕು ಅಂತ ಒಂದು ನೋಟಬುಕ್ಕಿನಲ್ಲಿ ಬರೆದುಕೊಂಡೆ. ವಿಳಾಸ ಬದಲಾವಣೆಗೆ ಬಾಡಿಗೆ ಪತ್ರ. ಹಾಗಂತ ಬರೆದುಕೊಂಡೆ, ಮುಂದೆ ಅದನ್ನೇ ನಂಬಿದೆ. ಪರದೆಯ ಮೇಲೆ ಏನು ಬರೆದಿದ್ದಾರೆ ಅಂತ ಮತ್ತೆ ಓದಲಿಲ್ಲ. ಇದನ್ನು ನೆನಪಿಟ್ಟುಕೋ, ಮುಂದೆ ಬರುತ್ತದೆ.

ನೀಮಾ ಬಂದದ್ದು ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ. ತಾಂಜಾನಿಯಾ ದೇಶದವಳು, ಪಿಎಚ್‌ಡಿಗೆ. ಅವಳ ಊರಲ್ಲೂ ತೊಗರಿ ಬೆಳೆಯುತ್ತಾರಂತೆ, ಅವಳ ತಾಯಿಯೇ ಬೆಳೆಯುತ್ತಾಳಂತೆ. ನಿಂತ ನಿಂತಲ್ಲೇ ಗಿಡ ಒಣಗಿಸುವ ನೆಟೆ ರೋಗ ಅಲ್ಲೂ ಇದೆ, ಇಲ್ಲೂ ಇದೆ. ಅದರ ಮೇಲೆ ಅವಳ ಅಭ್ಯಾಸ. ಎರಡು ವರ್ಷ ಕಾಲೇಜಿನ ಹೊಲದಲ್ಲಿ ನೋಡಿದಳು. ಮೂರನೆಯ ವರ್ಷ, ಕೊನೆಯ ವರ್ಷ, ರೈತರ ಹೊಲದಲ್ಲೇ ಬಿತ್ತಿ ನೋಡಬೇಕಿತ್ತು. ಜೇವರ್ಗಿ ತಾಲೂಕಿನ ಅಂದೋಲಾದಲ್ಲಿ ಗೌರಮ್ಮ ಅನ್ನುವವರ ಹೊಲ ಸಿಕ್ಕಿತು. ಗೌರಮ್ಮ ಗಂಡ ತೀರಿಕೊಂಡ ಮೇಲೆ ತಾವೇ ನಿಂತು ಒಕ್ಕಲುತನ ಮಾಡಿಸಿದವರು, ಬಸವಣ್ಣನ ಮಾತಿನಂತೆ ನಡೆಯುವ ಮನೆತನ, ಬಂದವರನ್ನು ಉಣ್ಣಿಸದೆ ಕಳಿಸುವವರಲ್ಲ. ದಿನಾ ಹೋಗಿ ಬರುವುದು ಆಗುವುದಿಲ್ಲ, ಗಿಡ ಮುಂಜಾನೆಯೇ ನೋಡಬೇಕು ಅಂತ ನೀಮಾ ಬಿತ್ತನೆಯ ಹೊತ್ತಿಗೆ ಅವರ ಮನೆಗೇ ಹೋಗಿ ಇದ್ದಳು.

ಹೋದ ಮೂರನೆಯ ದಿನಕ್ಕೆ ನನ್ನ ಟೇಬಲ್ಲಿಗೆ ಬಂದಳು. ಐದನೆಯ ಪಾಠವನ್ನೂ ಕೇಳಿಸಿಕೊಂಡವಳು ಅವಳೊಬ್ಬಳೇ ಇರಬೇಕು. ತಾನು ಹಾಸ್ಟೆಲ್ಲು ಬಿಟ್ಟು ಅಂದೋಲಾದಲ್ಲಿ ಇರುತ್ತಿದ್ದೇನೆ, ಬದಲಾದ ವಿಳಾಸ ತಿಳಿಸಬೇಕು ಅಂತ ತನ್ನ ಕೈಯಾರೆ ಬರೆದ ಪತ್ರ ಕೊಟ್ಟಳು. ಕೈ ತಾನೇ ಹೋಯಿತು. ಠಸ್ಸೆ, ನಂಬರು, ಚಿಕ್ಕ ಸಹಿ. ಬಾಡಿಗೆ ಪತ್ರ ತಂದಿದ್ದೀಯಾ ಅಂದೆ. ಇಲ್ಲ ಅಂದಳು. ಹಾಗಾದರೆ ನಾನೇ ಬಂದು ಮಾಡಿಸಿಕೊಂಡು ಬರುತ್ತೇನೆ, ನೀನು ತೊಗರಿ ನೋಡು ಅಂದೆ. ದೊಡ್ಡ ಮನುಷ್ಯ ನಾನು.

ಆ ಆದಿತ್ಯವಾರ ಜೇವರ್ಗಿ ಮೇಲೆ ಅಂದೋಲಾಕ್ಕೆ ಹೋದೆ. ಗೌರಮ್ಮ ಕಾಲಿಗೆ ನೀರು ಕೊಡಿಸಿದರು, ಜಮಖಾನೆ ಹಾಸಿಸಿದರು. ಬಂದ ಕೆಲಸ ಹೇಳಬೇಕೆಂದರೆ ಮೊದಲು ಉಣ್ರಿ ಅಂದರು. ಬಿಸಿ ಜೋಳದ ರೊಟ್ಟಿ, ಜುಣಕ, ಎಣ್ಣೆಗಾಯಿ, ಮೇಲೆ ಗಟ್ಟಿ ಮೊಸರು. ನೀಮಾ ಅಡಿಗೆಮನೆಯಿಂದ ರೊಟ್ಟಿ ತಂದು ತಂದು ಹಾಕುತ್ತಿದ್ದಳು. ಇನ್ನೊಂದು ತಗೋರಿ ಸರ್, ತೆಳ್ಳಗ ಅದ, ಅನ್ನುವಷ್ಟು ಕನ್ನಡ ನಾಲ್ಕಾರು ದಿನದಲ್ಲಿ ಕಲಿತದ್ದಲ್ಲ ಅದು, ಎರಡು ವರ್ಷ ಹೊಲದ ಹೆಣ್ಣುಮಕ್ಕಳ ಜೊತೆಗೆ ಕಲಿತದ್ದು. ಗೌರಮ್ಮ ಅವಳನ್ನು ನೀಲವ್ವ ಅಂತ ಕರೆಯುತ್ತಿದ್ದರು.

ಉಂಡು ಕೈ ತೊಳೆದ ಮೇಲೆ ಬಾಡಿಗೆ ಪತ್ರದ ಮಾತು ತೆಗೆದೆ. ಗೌರಮ್ಮನವರ ಮುಖ ಸಣ್ಣಗಾಯಿತು.

“ಬಾಡಗಿ ಯಾರ ಇಸಕೊಂಡಾರ್ರಿ ಸಾಬ್ರ?” ಅಂದರು. “ನಾ ಇಕೀನ ಮಗಳಂತ ಮನಿಯಾಗ ಕರ್ಕೊಂಡೀನಿ. ಬಾಡಗಿ ಪತ್ರ ಬರದ್ರ ಆಕಿ ಬಾಡಗಿದಾಕಿ ಆಗ್ತಾಳ. ಮನಿಗೆ ಬಂದಾಕಿ ಹೆಸರು ಪೊಲೀಸರಿಗಿ ಬರದ ಕೊಡೂದು ನಮ್ಮ ಮನಿತನದಾಗ ಆಗಿಲ್ರಿ.”

ಇಲ್ಲ ಅಕ್ಕಾರ, ಕಾನೂನು ಹಾಗೆ ಅದೆ, ಅಂತ ಒಂದು ಮಾತು ಅಂದೆ. ಹೊಟ್ಟೆಯಲ್ಲಿ ಅವರ ರೊಟ್ಟಿ ಬೆಚ್ಚಗೆ ಇತ್ತು. ಅವರ ಮನೆಯಲ್ಲಿ ಉಂಡು, ಅವರ ಜಮಖಾನೆಯ ಮೇಲೆ ಕೂತು, ನೀವು ತಾಯಿಯಲ್ಲ, ಮನೆ ಮಾಲಕರು ಅಂತ ಬರೆದುಕೊಡಿ ಅನ್ನಲು ನನ್ನಿಂದ ಆಗಲಿಲ್ಲ. ಆಯ್ತು ಬಿಡ್ರಿ, ನಾ ಏನಾದ್ರೂ ಮಾಡ್ತೇನಿ, ಅಂತ ಎದ್ದೆ. ಬಸ್ಸಿನವರೆಗೆ ನೀಮಾ ಬಂದು ಕಳಿಸಿದಳು.

ಆ ಏನಾದರೂ ಮಾಡುವುದನ್ನು ನಾನು ಮಾಡಲೇ ಇಲ್ಲ. ಪತ್ರವನ್ನು ಡ್ರಾಯರಿನಲ್ಲಿ ಹಾಕಿದೆ. ನಾಳೆ ನೋಡೋಣ ಅಂದೆ. ಪರೀಕ್ಷೆ ಬಂತು, ಹೊಸ ಅಡ್ಮಿಷನ್ನು ಬಂತು. ಹದಿನಾಲ್ಕು ದಿನ ಹೋಗಿ ತಿಂಗಳು ಹೋಯಿತು. ಆಗೊಮ್ಮೆ ಈಗೊಮ್ಮೆ ಡ್ರಾಯರು ತೆರೆದಾಗ ಕಣ್ಣಿಗೆ ಬೀಳುತ್ತಿತ್ತು. ಇಷ್ಟು ತಡವಾದ ಮೇಲೆ ಈಗ ತಿಳಿಸಿದರೆ, ಇಷ್ಟು ದಿನ ಯಾಕೆ ತಿಳಿಸಲಿಲ್ಲ ಅಂತ ಕೇಳುತ್ತಾರೆ ಅಂತ ಮತ್ತೆ ಮುಚ್ಚುತ್ತಿದ್ದೆ. ಅವಳ ವೀಸಾ ಅವಧಿ ಮುಗಿಯುತ್ತ ಬಂದು, ಅದನ್ನು ಮುಂದುವರಿಸುವ ಅರ್ಜಿ ತುಂಬುವಾಗ ಕಂಪ್ಯೂಟರು ವಿಳಾಸ ಕೇಳಿತು. ನಾನು ಹಾಸ್ಟೆಲ್ಲಿನದೇ ತುಂಬಿದೆ. ಇದು ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ನೀಮಾ ನನ್ನ ಮೇಲೆ ಭರವಸೆ ಇಟ್ಟು ನಾನು ತೋರಿಸಿದಲ್ಲಿ ಒತ್ತಿದಳು.

ಕಾರ್ತಿಕ ಮಾಸದಲ್ಲಿ ತೊಗರಿ ಹೂವಾಗಿತ್ತು. ವಿಳಾಸ ಪರಿಶೀಲನೆಗೆ ಅಂತ ಪೊಲೀಸರು ಹಾಸ್ಟೆಲ್ಲಿಗೆ ಬಂದರು. ಆ ಹುಡುಗಿ ಮುಂಗಾರಿನಿಂದ ಇಲ್ಲಿಲ್ಲ ಅಂತ ವಾರ್ಡನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ವಾರದೊಳಗೆ ನೋಟಿಸು ಬಂತು. ಸುಳ್ಳು ವಿಳಾಸ ಕೊಟ್ಟು, ಎಲ್ಲಿದ್ದೀ ಅಂತ ತಿಳಿಸದೆ ಇದ್ದದ್ದಕ್ಕೆ ವೀಸಾ ಯಾಕೆ ರದ್ದು ಮಾಡಬಾರದು, ಇಂಥ ದಿನ ಬಂದು ಹೇಳು, ಇಲ್ಲದಿದ್ದರೆ ದೇಶ ಬಿಟ್ಟು ಹೋಗು ಅಂತ. ತೊಗರಿ ಕಾಯಿ ಕಟ್ಟಿ ರಾಶಿಯಾಗಲು ಇನ್ನೂ ಎರಡು ತಿಂಗಳು. ಅವಳು ಈಗ ಹೋದರೆ ಮೂರು ವರ್ಷ ಗಿಡ ಗಿಡಕ್ಕೂ ಚೀಟಿ ಕಟ್ಟಿ ಬರೆದದ್ದೆಲ್ಲ ವ್ಯರ್ಥ. ಅವಳ ಸರಕಾರ ಕೊಟ್ಟ ವಿದ್ಯಾರ್ಥಿವೇತನವೂ ಹೋಗುತ್ತದೆ, ಮತ್ತೆ ಬರಲು ವೀಸಾ ಸಿಗುವ ಖಾತ್ರಿಯೂ ಇಲ್ಲ.

ನಮ್ಮ ಪ್ರಿನ್ಸಿಪಾಲರು ಅವಳನ್ನೂ ನನ್ನನ್ನೂ ಕರೆದರು. ಕೆಟ್ಟವರಲ್ಲ, ಗಾಬರಿಯಾಗಿದ್ದರು. ಹಾಸ್ಟೆಲ್ಲಿನ ವಹಿಯಲ್ಲಿ ಅವಳ ಹೆಸರು ಹೊಡೆದಿಲ್ಲ, ಕೋಣೆಯೂ ಅವಳ ಹೆಸರಿನಲ್ಲೇ ಇದೆ, ವಾರ್ಡನ್ನಿಂದ ಹಿಂದಿನ ತಾರೀಖು ಹಾಕಿಸಿ ಒಂದು ಪತ್ರ ಮಾಡಿಸಿಬಿಡೋಣ, ವಾರಕ್ಕೆ ನಾಲ್ಕು ದಿನ ಇಲ್ಲೇ ಇದ್ದಳು ಅಂತ, ಅಂದರು. ನೀಮಾ, ನಾ ಹಾಸ್ಟೆಲ್‌ನಾಗ ಇರಲಿಲ್ರಿ ಸರ್, ಅಂದಳು. ಹಾಗಾದರೆ ತಿಳಿಸದೆ ಹೋದೆ ಅಂತ ಒಪ್ಪಿಕೊಳ್ಳಬೇಕಾಗುತ್ತದೆ ಅಂದರು ಪ್ರಿನ್ಸಿಪಾಲರು. ನೀಮಾ ನನ್ನ ಕಡೆ ನೋಡಿದಳು. ಪತ್ರ ಕೊಟ್ಟಿದ್ದು ಅವಳಿಗೆ ನೆನಪಿತ್ತು. ಠಸ್ಸೆ ಹೊಡೆದದ್ದನ್ನೂ ನೋಡಿದ್ದಳು. ಆದರೂ ಆ ಮಾತು ಅವಳ ಬಾಯಿಂದ ಬರಲಿಲ್ಲ. ನಾನೂ ನೆಲ ನೋಡುತ್ತ ನಿಂತೆ.

ಹೊರಗೆ ಬಂದ ಮೇಲೆ, ಯಾಕವ್ವ ನನ್ನ ಹೆಸರು ಹೇಳಲಿಲ್ಲ ಅಂತ ಕೇಳಿದೆ. ನೀವು ಮನಿಗಿ ಬಂದು ಉಂಡು ಹೋದ ದಿನದಿಂದ ಅವ್ವ ಹೇಳತಿದ್ದಳು, ಸಾಬ್ರು ನಮ್ಮವರು, ಎಲ್ಲಾ ನೋಡ್ಕೋತಾರ ಅಂತ, ಅಂದಳು. ಸಿಟ್ಟಿನಿಂದ ಬೈದಿದ್ದರೆ ಚಲೋ ಇರುತ್ತಿತ್ತು.

ನಿವೃತ್ತಿಗೆ ನನಗೆ ಆಗ ನಾಲ್ಕೇ ತಿಂಗಳು ಉಳಿದಿತ್ತು. ವಿಚಾರಣೆ ಅಂತ ಒಂದು ಶುರುವಾದರೆ ನಿವೃತ್ತಿಯ ಕಾಗದಗಳು ಎಲ್ಲಿ ನಿಲ್ಲುತ್ತವೋ ಯಾರಿಗೆ ಗೊತ್ತು. ಹೆಸರಿಗೆ ಒಂದು ಕಲೆ ಇಲ್ಲದೆ ಬಂದಿದ್ದೆ. ಆ ಪತ್ರವನ್ನು ಡ್ರಾಯರಿನಿಂದ ತೆಗೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಮೂರು ದಿನ ಅದು ನನ್ನ ಜೊತೆ ಆಳಂದಕ್ಕೆ ಹೋಗಿ ಬಂತು. ಖರೆ ಹೇಳುತ್ತೇನೆ, ಹರಿದು ಬಸ್ಸಿನ ಕಿಟಕಿಯಿಂದ ಬಿಡಬೇಕು ಅಂತ ಎರಡು ಸಲ ಕೈಯಲ್ಲಿ ಹಿಡಿದಿದ್ದೆ. ಆವಕ ವಹಿಯಲ್ಲಿ ನಂಬರಿತ್ತು, ನಿಜ, ಆದರೆ ಆ ವಹಿಯನ್ನು ನನ್ನನ್ನು ಬಿಟ್ಟು ಯಾರು ತೆರೆಯುತ್ತಾರೆ? ಹರಿಯಲಿಲ್ಲ. ಕೊಡುವ ಧೈರ್ಯವೂ ಬರಲಿಲ್ಲ. ಕಿಸೆಯಲ್ಲಿಟ್ಟುಕೊಂಡೇ ವಿಚಾರಣೆಯ ದಿನ ನೋಂದಣಿ ಆಫೀಸಿಗೆ ಹೋದೆ.

ಅಲ್ಲಿ ಬೆಂಚಿನ ಮೇಲೆ ನೀಮಾಳ ಪಕ್ಕಕ್ಕೆ ಗೌರಮ್ಮ ಕೂತಿದ್ದರು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ. ಮುಂಜಾನೆ ಮೊದಲ ಬಸ್ಸಿಗೆ ಬಂದಿದ್ದರು. ನನ್ನನ್ನು ನೋಡಿ ಎದ್ದರು. ಚೀಲದಿಂದ ಒಂದು ಬಾಂಡ್ ಪೇಪರು ತೆಗೆದು ಕೈಯಲ್ಲಿಟ್ಟರು. ಹಿಂದಿನ ದಿನ ಜೇವರ್ಗಿಗೆ ಹೋಗಿ ಟೈಪು ಮಾಡಿಸಿದ ಬಾಡಿಗೆ ಪತ್ರ. ಕೆಳಗೆ ಅವರ ಸಹಿ.

“ನೀವು ಅಂದ ದಿನಾನ ಮಾಡಿಕೊಟ್ಟಿದ್ರ ಹಿಂಗ ಆಗ್ತಿರಲಿಲ್ರಿ ಸಾಬ್ರ,” ಅಂದರು. “ನನ್ನ ಹಟದಿಂದ ಹುಡುಗಿ ಬಾಳೇವು ಹಾಳಾಗಾಕತ್ತದ.”

ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪು ನನ್ನದು ಅನ್ನುವಷ್ಟರಲ್ಲಿ ಒಳಗೆ ಕರೆದರು.

ಅಧಿಕಾರಿ ನಡುವಯಸ್ಸಿನ ಹೆಣ್ಣುಮಗಳು, ಮೈಸೂರು ಕಡೆಯ ಮಾತು. ನೋಟಿಸು ಓದಿದರು. ಬಾಡಿಗೆ ಪತ್ರ ನೋಡಿದರು. ಈ ಹುಡುಗಿ ನಿಮಗೆ ಏನಾಗಬೇಕಮ್ಮ ಅಂತ ಗೌರಮ್ಮನವರನ್ನು ಕೇಳಿದರು. ನಾನು ಗೌರಮ್ಮನವರ ಮುಖ ನೋಡಿದೆ.

“ಬಾಡಗಿದಾಕಿರಿ,” ಅಂದರು.

ಆ ಮಾತು ಹೇಳಲಿಕ್ಕೆ ಅವರು ಅಂದೋಲಾದಿಂದ ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದರು. ಪಕ್ಕದಲ್ಲಿ ನೀಮಾ ತಲೆ ತಗ್ಗಿಸಿದಳು. ಅಧಿಕಾರಿ ಕಾಗದದ ಮೇಲೆ ಬೆರಳಿಟ್ಟು, ಎಷ್ಟು ಬಾಡಿಗೆ, ಇಲ್ಲಿ ಖಾಲಿ ಬಿಟ್ಟಿದ್ದೀರಲ್ಲ ಅಂದರು. ಟೈಪು ಮಾಡುವವನು ಕೇಳಿದಾಗ ಗೌರಮ್ಮನವರಿಗೆ ಒಂದು ಅಂಕಿ ಬಾಯಿಗೆ ಬಂದಿರಲಿಲ್ಲ, ಸಾಬ್ರು ತುಂಬುತ್ತಾರೆ ಅಂತ ಬಿಡಿಸಿದ್ದರು. ಈಗಲೂ ಬರಲಿಲ್ಲ. ಆ ಹಿರಿಯರು ಬಾಡಿಗೆ ಅಂತ ಒಂದು ಸಂಖ್ಯೆ ಹೇಳಲು ಬಾರದೆ ನನ್ನ ಕಡೆ ತಿರುಗಿ ನೋಡಿದರು, ಎಲ್ಲಾ ನೋಡಿಕೊಳ್ಳುವ ಸಾಬರ ಕಡೆ.

ಎದ್ದು ನಿಂತು ಕಿಸೆಯಿಂದ ಪತ್ರ ತೆಗೆದು ಟೇಬಲ್ಲಿನ ಮೇಲಿಟ್ಟೆ. ಬಾಡಿಗೆ ಇಲ್ಲ ಮೇಡಂ, ಈಕೆ ಹೋದ ಮೂರನೆಯ ದಿನಕ್ಕೇ ನನಗೆ ಬರೆದುಕೊಟ್ಟಿದ್ದಾಳೆ, ನಾನು ಮುಂದೆ ಕಳಿಸಲಿಲ್ಲ, ಹಾಸ್ಟೆಲ್ಲಿನ ವಿಳಾಸ ತುಂಬಿದ್ದೂ ನಾನೇ, ಅಂದೆ. ಅವರು ಠಸ್ಸೆಯನ್ನು ಬೆಳಕಿಗೆ ಹಿಡಿದು ತಾರೀಖು ಓದಿದರು. ಸಹಿ ನಿಮ್ಮದಾ ಅಂದರು. ನನ್ನದೇ ಅಂದೆ. ಹಾಗಾದರೆ ಇಷ್ಟು ತಿಂಗಳು ಯಾಕೆ ಇಟ್ಟುಕೊಂಡಿರಿ ಅಂದರು.

“ಇವರ ಮನೆಯಲ್ಲಿ ಊಟ ಮಾಡಿದ್ದೆ ಮೇಡಂ,” ಅಂದೆ. “ಬಾಡಿಗೆ ಪತ್ರ ಕೇಳಲಿಕ್ಕೆ ನಾಚಿಕೆಯಾಯಿತು.”

ಅವರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ವಿಳಾಸದ ಕೆಳಗೆ ಹಚ್ಚಬೇಕಾದ ಕಾಗದಗಳ ಸಾಲಿನಲ್ಲಿ ಬಾಡಿಗೆ ಪತ್ರ ಇತ್ತು. ಅದರ ಕೆಳಗೇ ಇನ್ನೊಂದಿತ್ತು. ಬಾಡಿಗೆ ಇಲ್ಲದೆ ಇಟ್ಟುಕೊಂಡಿದ್ದರೆ ಮನೆಯವರ ಒಂದು ಹೇಳಿಕೆ, ಅವರ ಗುರುತಿನ ಚೀಟಿಯ ಪ್ರತಿ, ಅಷ್ಟೇ ಸಾಕು. ಎಷ್ಟು ವರ್ಷದಿಂದ ಅದು ಅಲ್ಲಿತ್ತೋ. ನಿಮ್ಮ ಪಟ್ಟಿ ಯಾವ ಕಾಲದ್ದು ಅಂತ ಅವರು ಕೇಳಿದರು. ಅಷ್ಟೇ ಕೇಳಿದ್ದು. ನನ್ನ ನೌಕರಿಯಲ್ಲಿ ಎಷ್ಟೋ ಬೈಗುಳ ತಿಂದಿದ್ದೇನೆ, ಇಷ್ಟು ಮನಸ್ಸಿಗೆ ಹತ್ತಿದ್ದು ಇನ್ನೊಂದಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ನೀಮಾ ಅಡಗಿಕೊಂಡಿರಲಿಲ್ಲ ಅನ್ನುವುದಕ್ಕೆ ಆ ಠಸ್ಸೆಯೇ ಸಾಕ್ಷಿಯಾಯಿತು. ತಡವಾದದ್ದಕ್ಕೆ ಕಾನೂನಿನಂತೆ ಆಗಬೇಕಾದದ್ದು ಆಯಿತು, ವೀಸಾ ಉಳಿಯಿತು. ತೊಗರಿ ರಾಶಿ ಮಾಡಿ, ಪ್ರಬಂಧ ಬರೆದು ಮುಗಿಸಿ, ಡಾಕ್ಟರ್ ನೀಮಾ ಆಗಿ ತನ್ನ ಊರಿಗೆ ಹೋದಳು. ನನಗೆ ಮೆಮೊ ಬಂತು, ಉತ್ತರ ಕೊಟ್ಟೆ, ನಿವೃತ್ತಿಯ ಕಾಗದ ಕೆಲವು ತಿಂಗಳು ನಿಂತು ಆಮೇಲೆ ನಡೆಯಿತು. ನನ್ನ ಸರ್ವಿಸ್ ಬುಕ್ಕಿನಲ್ಲಿ ಒಂದು ಕೆಂಪು ಸಾಲು ಇದೆ. ನೀನು ಎಂದಾದರೂ ಆಫೀಸಿನ ಹಳೆಯ ಕಾಗದದ ಬೀರು ತೆರೆದರೆ ಓದು, ನಾಚಿಕೆಪಡುವುದು ನನಗೆ ಬಿಡು.

ಆದರೆ ಅವತ್ತಿನದು ಇನ್ನೊಂದು ಸ್ವಲ್ಪ ಉಳಿದಿದೆ. ಅಧಿಕಾರಿ ಅಲ್ಲೇ ಕೂತು ಗೌರಮ್ಮನವರ ಹೇಳಿಕೆ ಟೈಪು ಮಾಡಿಸಿದರು. ಸಹಿ ಹಾಕುವ ಮೊದಲು ಓದಿ ಹೇಳಿ ಅಂತ ನನ್ನ ಕೈಗೇ ಕೊಟ್ಟರು. ಓದಿದೆ. ಹೆಸರು, ಊರು ಅಂದೋಲಾ, ತಾಲೂಕು ಜೇವರ್ಗಿ. ತನ್ನ ಮನೆಯಲ್ಲಿ ಇರುವವಳು ನೀಮಾ, ವಿದ್ಯಾರ್ಥಿನಿ. ಮುಂಗಾರು ಬಿತ್ತನೆಯಿಂದ ಇದ್ದಾಳೆ. ಅಡಿಗೆ, ಊಟ ಮನೆಯವರ ಜೊತೆಗೆ. ಬಾಡಿಗೆ: ಇಲ್ಲ.

ಗೌರಮ್ಮ ಕೈ ಎತ್ತಿ ನನ್ನನ್ನು ತಡೆದರು.

“ಅದೊಂದು ಇನ್ನೊಮ್ಮೆ ಓದ್ರಿ ಸಾಬ್ರ.”

ಬಾಡಿಗೆ ಇಲ್ಲ ಅಂತ ಇನ್ನೊಮ್ಮೆ ಓದಿದೆ. ಸರಕಾರದ ಕಾಗದದಾಗ ಹಂಗ ಬರೀಲಿಕ್ಕೆ ಬರ್ತದೇನು ಅಂತ ಕೇಳಿದರು. ಬರ್ತದ್ರಿ ಅಕ್ಕಾರ ಅಂದೆ. ಅವರು ನೀಮಾಳ ಕೈ ಹಿಡಿದುಕೊಂಡರು. ಇನ್ನೊಂದು ಕೈಯಿಂದ ಪೆನ್ನು ತಗೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು.